ಬರಹದ ಆಟಗಳಲ್ಲಿ ಶೃಂಗಾರದ ಔಚಿತ್ಯ

1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಆರಂಭಿಸಿ ರಿಚರ್ಡ್ ಬಾರ್ಟಲ್ ಬೆಳೆಸಿದ ‘ಮಡ್’ ಎಂಬ ಆಟದ ಪರಂಪರೆಯಲ್ಲಿ, ಆಟಗಾರರು ಚಿತ್ರಗಳ ನೆರವಿಲ್ಲದೆ ತಂತಮ್ಮ ಪಾತ್ರದ ಮಾತು ಮತ್ತು ನಡೆಗಳನ್ನು ಬರೆಯುತ್ತ ಕೂಡಿ ಕಥೆ ಕಟ್ಟುತ್ತಾರೆ. ಇಂತಹ ಕಥೆಯಲ್ಲಿ ಪ್ರಣಯ ಮೂಡುವುದು ಸಹಜವೇ; ಆದರೆ ಕಾದಂಬರಿಯಲ್ಲಿ ನಾಯಕ ನಾಯಕಿಯರಿಬ್ಬರಿಗೂ ಒಬ್ಬನೇ ಲೇಖಕನಿದ್ದರೆ, ಇಲ್ಲಿ ಪ್ರತಿ ಪಾತ್ರದ ಹಿಂದೆಯೂ ಬೇರೊಬ್ಬ ವ್ಯಕ್ತಿ ಇರುವುದರಿಂದ, ಎದುರಿನ ಪಾತ್ರದ ಸಮ್ಮತಿಯನ್ನು ತಾನೇ ಬರೆದುಬಿಡುವುದು ಅತಿಕ್ರಮಣವಾಗುತ್ತದೆ. ಲ್ಯಾಂಬ್ಡಾಮೂ ಎಂಬ ಬರಹಲೋಕದಲ್ಲಿ ಬಳಕೆದಾರನೊಬ್ಬನು ಇತರರ ಪಾತ್ರಗಳ ಮೇಲೆ ಅಕ್ಷರರೂಪದ ಲೈಂಗಿಕ ಹಿಂಸೆ ನಡೆಸಿದ್ದನ್ನು ಜೂಲಿಯನ್ ಡಿಬೆಲ್ 1993ರಲ್ಲಿ ವಿಲೇಜ್ ವಾಯ್ಸ್ ಪತ್ರಿಕೆಯಲ್ಲಿ ವಿವರಿಸಿದಾಗ, ಬರಿಯ ಬರಹವೂ ಗಾಯಗೊಳಿಸಬಲ್ಲದೆಂಬುದು ಆಟದ ಹೊರಗಿನವರಿಗೂ ತಿಳಿಯಿತು.

ಕಥೆಯಲ್ಲಿ ಬರಲೇಬಾರದ ಸಂಗತಿಗಳನ್ನು ‘ಗೆರೆ’ಯೆಂದೂ, ಬರಬಹುದಾದರೂ ವರ್ಣಿಸದೆ ಮರೆಯಲ್ಲಿಡಬೇಕಾದವನ್ನು ‘ತೆರೆ’ಯೆಂದೂ ಮೊದಲೇ ಗುರುತಿಸಿಕೊಳ್ಳುವ ಕ್ರಮ ಅನುಭವಿ ಆಟಗಾರರಲ್ಲಿ ರೂಢಿಯಲ್ಲಿದೆ. ಚುಂಬನದ ನಂತರ ಕಥೆಯನ್ನು ನೇರವಾಗಿ ಮರುದಿನದ ಬೆಳಗಿಗೆ ಒಯ್ಯುವುದು ತೆರೆಯ ಸರಳ ರೂಪವಾಗಿದ್ದು, ಔಚಿತ್ಯವನ್ನೇ ಕಾವ್ಯದ ಜೀವವೆಂದ ಕಾವ್ಯಮೀಮಾಂಸಕ ಕ್ಷೇಮೇಂದ್ರನನ್ನು ಬಲ್ಲವರಿಗೆ ಇದೇನೂ ಹೊಸತಲ್ಲ. ಸೂಚ್ಯವಾದ ಶೃಂಗಾರವು ಸುರಕ್ಷಿತವಷ್ಟೇ ಅಲ್ಲ, ಬಹುಮಟ್ಟಿಗೆ ಹೆಚ್ಚು ರಸವತ್ತಾದುದೂ ಹೌದು.

ಪಾತ್ರದ ಭಾವನೆಗಳು ಆಟಗಾರರ ಸ್ವಂತ ಬದುಕಿಗೆ ಹರಿಯುವುದನ್ನು ‘ಬ್ಲೀಡ್’ ಎನ್ನುತ್ತಾರೆ. ಅದನ್ನು ತಡೆಯಲು ಆಗಾಗ ಪಾತ್ರದಿಂದ ಹೊರಬಂದು, ಮುಂದುವರಿಯಬಹುದೇ ಎಂದು ನೇರವಾಗಿ ಕೇಳುವುದು ಒಳ್ಳೆಯದು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಭಾರತದ 2012ರ ಪೋಕ್ಸೋ ಕಾಯ್ದೆಯು 18 ವರ್ಷದೊಳಗಿನ ಎಲ್ಲರನ್ನೂ ಮಕ್ಕಳೆಂದು ಪರಿಗಣಿಸುವುದರಿಂದ, ವಯಸ್ಸು ಖಚಿತವಿಲ್ಲದವರೊಡನೆ ವಯಸ್ಕರು ಪ್ರಣಯದ ಸನ್ನಿವೇಶಕ್ಕೇ ಇಳಿಯಬಾರದು. ಪಾತ್ರದ ಒಲವಿನ ನೆಪದಲ್ಲಿ ಯಾರಾದರೂ ನಿಜವಾದ ಹೆಸರು, ಭಾವಚಿತ್ರ ಅಥವಾ ಫೋನ್ ಸಂಖ್ಯೆ ಕೇಳಿದರೆ, ಸಂಭಾಷಣೆಯ ಪ್ರತಿಯನ್ನು ಉಳಿಸಿಕೊಂಡು ಆಟದ ನಿರ್ವಾಹಕರಿಗೆ ತಿಳಿಸಬೇಕು.