ಸ್ತ್ರೀಸುರಕ್ಷತೆ: ಸಣ್ಣ ಉದ್ದಿಮೆಯ ಹೊಣೆ

ನವಲಗುಂದದ ಜಮಖಾನೆ ಮಗ್ಗದಲ್ಲಿಯೂ ಕುಂದಗೋಳದ ಮೆಣಸಿನಕಾಯಿ ಹಸನು ಮಾಡುವಲ್ಲಿಯೂ ದುಡಿಯುವ ಕೈಗಳು ಬಹುಮಟ್ಟಿಗೆ ಸ್ತ್ರೀಯರವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದ 18ರಿಂದ 49 ವರ್ಷದ ವಿವಾಹಿತೆಯರಲ್ಲಿ ಶೇ. 44.4ರಷ್ಟು ಮಂದಿ ಪತಿಯಿಂದ ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಒಳಗಾಗಿದ್ದರು.

“ಅವಳೇಕೆ ಸಹಿಸಿದಳು?” ಎಂಬ ರೂಢಿಯ ಪ್ರಶ್ನೆಯನ್ನು ಸ್ತ್ರೀವಾದಿ ಮನಶ್ಶಾಸ್ತ್ರವು ತಿರುಗಿಸಿ, “ಅವನಿಗೆ ಆ ಧೈರ್ಯ ಎಲ್ಲಿಂದ ಬಂದಿತು?” ಎಂದು ಕೇಳುತ್ತದೆ. ಸುತ್ತಲಿನವರ ಮೌನವೂ ಹಿಂಸೆಗೆ ಬಲ ನೀಡುತ್ತದೆ. ಬಾಗಲಕೋಟೆ ಜಿಲ್ಲೆಯ ಹಳ್ಳಿಗಳಲ್ಲಿ ಲೈಂಗಿಕ ವೃತ್ತಿಯ ಮಹಿಳೆಯರು ಹಾಗೂ ಅವರ ಸಂಗಾತಿಗಳ ನಡುವೆ ನಡೆದ ‘ಸಂವೇದನಾ ಪ್ಲಸ್’ ಪ್ರಯೋಗದಲ್ಲಿ ಹಿಂಸೆಯನ್ನು ಒಪ್ಪುವ ಮನೋಭಾವ ಕುಗ್ಗಿತು, ಮಹಿಳೆಯರ ಒಗ್ಗಟ್ಟು ಬೆಳೆಯಿತು. ಆದರೆ ಹಿಂಸೆ ಇಳಿದುದಕ್ಕೆ ಪುರಾವೆ ದೊರೆಯಲಿಲ್ಲ. ತಿಳಿವಳಿಕೆಯೊಂದೇ ಸಾಲದು, ವ್ಯವಸ್ಥೆಯೂ ಬೇಕು.

ಉದ್ಯೋಗಸ್ಥಳದ ಮಟ್ಟಿಗೆ ಆ ವ್ಯವಸ್ಥೆಯನ್ನು 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ವಿಧಿಸಿದೆ. ಹತ್ತು ಅಥವಾ ಹೆಚ್ಚು ಕೆಲಸಗಾರರಿದ್ದಲ್ಲಿ ಆಂತರಿಕ ಸಮಿತಿ ಕಡ್ಡಾಯ. ರಚಿಸದಿದ್ದರೆ 50,000 ರೂ.ವರೆಗೆ ದಂಡ. ಹತ್ತಕ್ಕಿಂತ ಕಡಿಮೆಯಿದ್ದರೆ, ಅಥವಾ ಆರೋಪ ಮಾಲೀಕರ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಸಲ್ಲಿಸಬಹುದು. ಅವಧಿ ಸಾಮಾನ್ಯವಾಗಿ ಮೂರು ತಿಂಗಳು. ಮನೆಯೊಳಗಿನ ಹಿಂಸೆಗೆ 2005ರ ಕಾಯ್ದೆಯ ರಕ್ಷಣೆಯೂ ಮಹಿಳಾ ಸಹಾಯವಾಣಿ 181 ಕೂಡ ಇವೆ.

ಈ ವಿವರಗಳನ್ನು ಅಂಗಡಿ, ಗೋದಾಮು, ಕಾರ್ಖಾನೆಯ ಗೋಡೆಯ ಮೇಲೆ ಎದ್ದು ಕಾಣುವಂತೆ ಬರೆಸಲು ತಗಲುವ ವೆಚ್ಚ ಅತ್ಯಲ್ಪ. ಮೌನ ಮುರಿಯುವ ಕಾರ್ಯ ಅಲ್ಲಿಂದಲೇ ಆರಂಭವಾಗಬಹುದು.