ತಾಯಿಗೆ ಸಲ್ಲಬೇಕಾದದ್ದು

ನಮ್ಮ ಆವನಿಯ ಬೆಟ್ಟವನ್ನು ನೋಡಿದ ಓದುಗರು ಅನೇಕರಿರಬಹುದು. ಮುಳಬಾಗಿಲು ತಾಲ್ಲೂಕಿನ ಈ ಊರಿನಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ದೇವಾಲಯವಿದೆ. ಬೆಟ್ಟದ ಮೇಲೆ ಸೀತಮ್ಮನ ಗುಡಿಯಿದೆ. ವಾಲ್ಮೀಕಿಯ ಆಶ್ರಮ ಇಲ್ಲಿಯೇ ಇದ್ದಿತೆಂದೂ, ಬಸುರಿಯಾಗಿ ಕಾಡುಪಾಲಾದ ಸೀತೆ ಲವಕುಶರನ್ನು ಇಲ್ಲಿಯೇ ಹೆತ್ತಳೆಂದೂ ಊರಿನವರ ನಂಬಿಕೆ. ತಪೋವನವನ್ನು ನೋಡಬೇಕೆಂಬ ಆಕೆಯ ಬಸುರಿನ ಬಯಕೆಯನ್ನೇ ನೆಪಮಾಡಿ ಆಕೆಯನ್ನು ಕಾಡಿಗೆ ಬಿಟ್ಟುಬಂದರೆಂದು ಉತ್ತರಕಾಂಡ ಹೇಳುತ್ತದೆ. ಋಷಿಯೊಬ್ಬನ ಕರುಣೆ ಇಲ್ಲದಿದ್ದರೆ ಆ ತಾಯಿಯ ಗತಿ ಏನಾಗುತ್ತಿತ್ತೋ!

ಇಂದಿನ ತಾಯಿ ಯಾರ ಕರುಣೆಯನ್ನೂ ಕಾಯಬೇಕಾಗಿಲ್ಲ. ಆಕೆಗೆ ಕಾನೂನಿನ ಆಸರೆಯಿದೆ. ಆದರೆ ಆ ಆಸರೆ ತಾನಾಗಿ ಮನೆಬಾಗಿಲಿಗೆ ಬರುವುದಿಲ್ಲ. ತಿಳಿದು ಕೇಳಿದವರಿಗೆ, ಅದೂ ಹೊತ್ತಿಗೆ ಸರಿಯಾಗಿ ಕೇಳಿದವರಿಗೆ, ಅದು ಒದಗುತ್ತದೆ. ಈ ಮಾತನ್ನು ನಾನು ಪುಸ್ತಕದಿಂದ ಕಲಿತವನಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೈಗೂಸನ್ನು ಎತ್ತಿಕೊಂಡು ಮನೆಗೆ ಬಂದಿದ್ದಳು. ಕೋಲಾರದ ಆಚೆಯ ಕಾರ್ಖಾನೆಯೊಂದಕ್ಕೆ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದವಳು. ಕೆಲಸ ಹೇಗಿದೆಯಮ್ಮ ಎಂದು ಕೇಳಿದೆ. “ಐದನೇ ತಿಂಗಳಲ್ಲಿ ನಾನೇ ಬಿಟ್ಟುಬಿಟ್ಟೆ, ಮೇಷ್ಟ್ರೇ. ಅಷ್ಟು ದಿನ ರಜ ಯಾರು ಕೊಡ್ತಾರೆ? ರಾಜೀನಾಮೆ ಬರೆದುಕೊಡು, ಆಮೇಲೆ ನೋಡೋಣ ಅಂದರು” ಎಂದಳು. ಎರಡು ವರ್ಷ ತಿಂಗಳು ತಿಂಗಳೂ ಆಕೆಯ ಸಂಬಳದಲ್ಲಿ ಕಾರ್ಮಿಕರ ರಾಜ್ಯ ವಿಮೆಗೆಂದು, ಎಂದರೆ ಇ.ಎಸ್.ಐ.ಗೆಂದು, ಹಣ ಹಿಡಿದಿದ್ದರು. ಆ ಚೀಟಿ ಏಕೆಂದು ಆಕೆಗೆ ಯಾರೂ ಹೇಳಿರಲಿಲ್ಲ. ನಾನು ಆಕೆಗೆ ಸಂಧಿ ಸಮಾಸಗಳನ್ನು ಹೇಳಿಕೊಟ್ಟಿದ್ದೆ, ರಜೆಯ ಅರ್ಜಿ ಬರೆಯುವುದನ್ನೂ ಕಲಿಸಿದ್ದೆ. ಆದರೆ ನಾನು ಬರೆಯಿಸಿದ ಅರ್ಜಿಗಳಲ್ಲೆಲ್ಲ ಜ್ವರವಿತ್ತೇ ಹೊರತು ಹೆರಿಗೆ ಇರಲಿಲ್ಲ!

ಹೆರಿಗೆಯ ಸಂಬಳ ಎಂಬುದು ಯಾರೋ ಉದಾರಿಗಳು ಕೊಡುವ ದಾನವಲ್ಲ. 1919ರಲ್ಲಿಯೇ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಈ ಬಗ್ಗೆ ಒಂದು ಒಡಂಬಡಿಕೆಯನ್ನು ಅಂಗೀಕರಿಸಿತು. 1928ರಲ್ಲಿ ಮುಂಬಯಿಯ ಶಾಸನ ಸಭೆಗೆ ಹೆರಿಗೆ ಭತ್ಯದ ಮಸೂದೆ ಬಂದಾಗ ಡಾ. ಅಂಬೇಡ್ಕರರು ಅದನ್ನು ಬೆಂಬಲಿಸಿ ಮಾತನಾಡಿದರು. ಹೆರಿಗೆಯ ಮುಂಚೆಯೂ ಆಮೇಲೂ ತಾಯಿಗೆ ವಿಶ್ರಾಂತಿ ದೊರೆಯುವುದು ಇಡೀ ನಾಡಿನ ಹಿತ, ಆದ್ದರಿಂದ ಅದರ ವೆಚ್ಚದಲ್ಲಿ ಸರ್ಕಾರದ ಪಾಲೂ ಇರಬೇಕು ಎಂಬುದು ಅವರ ವಾದ. ಮರುವರ್ಷ ಅದು ಕಾಯಿದೆಯಾಯಿತು. ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ರಾಜ್ಯ ವಿಮೆಯ ಕಾಯಿದೆ, 1961ರಲ್ಲಿ ದೇಶಕ್ಕೆಲ್ಲ ಹೆರಿಗೆ ಸೌಲಭ್ಯದ ಕಾಯಿದೆ ಬಂದವು. ಆಗ ಹನ್ನೆರಡು ವಾರವಿದ್ದ ರಜೆ 2017ರಲ್ಲಿ ಇಪ್ಪತ್ತಾರು ವಾರಕ್ಕೆ ಏರಿತು. 2025ರ ನವೆಂಬರ್ 21ರಿಂದ ಈ ಎರಡು ಕಾಯಿದೆಗಳೂ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿಹೋಗಿವೆ. ಹೆಸರು ಬದಲಾಯಿತು, ಇಪ್ಪತ್ತಾರು ವಾರದ ಹಕ್ಕು ಹಾಗೆಯೇ ಉಳಿದಿದೆ.

ಈಗ ಹಕ್ಕಿನ ವಿವರವನ್ನು ನೋಡೋಣ. ಕಾರ್ಖಾನೆ, ಗಣಿ, ತೋಟ, ಹತ್ತು ಮಂದಿಗೆ ಕಡಿಮೆಯಿಲ್ಲದ ಅಂಗಡಿ ಅಥವಾ ಕಚೇರಿ—ಇವುಗಳಲ್ಲಿ ದುಡಿಯುವ ಹೆಂಗಸು ಹೆರಿಗೆಯ ದಿನಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. ಮೊದಲ ಎರಡು ಮಕ್ಕಳಿಗೆ 26 ವಾರ. ಅದರಲ್ಲಿ ಎಂಟು ವಾರದವರೆಗೆ ಹೆರಿಗೆಗೆ ಮುಂಚೆಯೇ ಪಡೆಯಬಹುದು. ಈಗಾಗಲೇ ಎರಡು ಮಕ್ಕಳಿದ್ದರೆ 12 ವಾರ. ದುರದೃಷ್ಟದಿಂದ ಗರ್ಭಪಾತವಾದರೆ ಆರು ವಾರ. ಸಂಬಳವೆಂದರೆ ಸರಾಸರಿ ದಿನಗೂಲಿಯ ಪೂರ್ತಿ ಮೊತ್ತ. ವಾರದ ಲೆಕ್ಕಕ್ಕೆ ಭಾನುವಾರವೂ ಸೇರುತ್ತದೆಂದು ಸರ್ವೋಚ್ಚ ನ್ಯಾಯಾಲಯ 1977ರಲ್ಲಿಯೇ ಹೇಳಿತು. ದಿನಕ್ಕೆ ಸರಾಸರಿ 500 ರೂಪಾಯಿ ದುಡಿಯುವವಳಿಗೆ 182 ದಿನಕ್ಕೆ 91,000 ರೂಪಾಯಿ. ನನ್ನ ವಿದ್ಯಾರ್ಥಿನಿ ಒಂದು ಹಾಳೆಗೆ ಸಹಿಹಾಕಿ ಕೈಬಿಟ್ಟದ್ದು ಇಂತಹ ಮೊತ್ತವನ್ನು.

ಆಕೆಯಂತೆ ಇ.ಎಸ್.ಐ.ಗೆ ಸೇರಿದವರಿಗೆ ಈ ಹಣವನ್ನು ಕೊಡುವುದು ಕಾರ್ಖಾನೆಯಲ್ಲ, ನಿಗಮ. 2017ರಿಂದ ತಿಂಗಳಿಗೆ 21,000 ರೂಪಾಯಿಯೊಳಗಿನ ಸಂಬಳದವರಿಗೆ ಎಂದು ಇದರ ಮಿತಿಯನ್ನು ಗೊತ್ತುಮಾಡಿದರು. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ 70 ದಿನದ ವಂತಿಗೆ ಸಂದಿರಬೇಕು. ಆದ್ದರಿಂದ “ನಿನ್ನ ರಜೆಯ ಭಾರ ನಮಗೇಕೆ?” ಎಂದು ಅಂತಹ ಕಡೆ ಯಾರಾದರೂ ಕೇಳಿದರೆ ಆ ಮಾತಿಗೆ ಅರ್ಥವೇ ಇಲ್ಲ. ಇ.ಎಸ್.ಐ. ಇಲ್ಲದ ಕಡೆ ಮಾಲೀಕರೇ ಕೊಡತಕ್ಕದ್ದು.

“ನಾನು ಕಾಯಂ ಅಲ್ಲವಲ್ಲ” ಎಂದು ಹಿಂಜರಿಯುವವರೂ ಉಂಟು. ದೆಹಲಿಯ ನಗರಸಭೆಯಲ್ಲಿ ದಿನಗೂಲಿಗೆ ದುಡಿಯುತ್ತಿದ್ದ ಹೆಂಗಸರಿಗೂ ಈ ಹಕ್ಕು ಸಲ್ಲುತ್ತದೆಂದು 2000ದಲ್ಲಿ, ಗುತ್ತಿಗೆಯ ಅವಧಿ ನಡುವೆ ಮುಗಿದರೂ ಸೌಲಭ್ಯ ನಿಲ್ಲುವುದಿಲ್ಲವೆಂದು 2023ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿದೆ. ಹೆರಿಗೆಯ ರಜೆಯಲ್ಲಿರುವವಳನ್ನು ಕೆಲಸದಿಂದ ತೆಗೆಯುವುದು ಕಾನೂನಿಗೆ ವಿರುದ್ಧ. ಯಾರೇ ಹೇಳಲಿ, ಬಸುರಿಯಾದವಳು ರಾಜೀನಾಮೆಗೆ ಸಹಿ ಹಾಕಬಾರದು.

ಅದರ ಬದಲು ಆಕೆ ಕೊಡಬೇಕಾದದ್ದು ಒಂದು ಪತ್ರ. ಹೆರಿಗೆಯ ನಿರೀಕ್ಷಿತ ದಿನ, ಯಾವ ದಿನದಿಂದ ಕೆಲಸಕ್ಕೆ ಬರುವುದಿಲ್ಲ, ಹಣವನ್ನು ತನಗಲ್ಲದಿದ್ದರೆ ಯಾರಿಗೆ ಕೊಡಬೇಕು—ಈ ಮೂರನ್ನು ಬರೆದು, ವೈದ್ಯರ ಪ್ರಮಾಣಪತ್ರವನ್ನು ಲಗತ್ತಿಸಿ, ನಕಲಿನ ಮೇಲೆ ತಲುಪಿದ ಬಗ್ಗೆ ಸಹಿ ಮಾಡಿಸಿಕೊಳ್ಳಬೇಕು. ಮಾಲೀಕರೇ ಕೊಡುವ ಕಡೆ, ಹೆರಿಗೆಗೆ ಮುಂಚಿನ ಅವಧಿಯ ಹಣ ಮುಂಗಡವಾಗಿಯೂ, ಉಳಿದದ್ದು ಹೆರಿಗೆಯ ರುಜುವಾತು ಒಪ್ಪಿಸಿದ 48 ಗಂಟೆಯೊಳಗೂ ಸಲ್ಲಬೇಕು. ಮುಂಚೆ ಪತ್ರ ಕೊಡುವುದು ತಪ್ಪಿಹೋದರೆ ಹೆರಿಗೆಯ ನಂತರ ಕೊಡಬಹುದು. ಅಷ್ಟರಿಂದ ಹಕ್ಕು ಹೋಗುವುದಿಲ್ಲ. ಕೊಡದೆ ಸತಾಯಿಸಿದರೆ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು.

ಇನ್ನು ಮಾಸಿಕ ಸಂಬಳವೇ ಇಲ್ಲದವರ ಮಾತು. ನಮ್ಮ ಕಡೆ ಟೊಮೇಟೊ ತೋಟದಲ್ಲಿ ಕೂಲಿಗೆ ಹೋಗುವವರು, ಮನೆಯಲ್ಲಿ ರೇಷ್ಮೆಹುಳು ಸಾಕುವವರು ಬಹಳ ಮಂದಿ. ಅಂತಹ ಬಡ ಕುಟುಂಬದವರಿಗೆ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಿದೆ. ಮೊದಲ ಮಗುವಿಗೆ 5,000 ರೂಪಾಯಿ ಎರಡು ಕಂತಿನಲ್ಲಿ: ಬಸುರನ್ನು ನೋಂದಾಯಿಸಿ ಆರು ತಿಂಗಳೊಳಗೆ ಒಂದು ಸಲವಾದರೂ ತಪಾಸಣೆ ಮಾಡಿಸಿದರೆ 3,000, ಮಗುವಿನ ಜನನ ನೋಂದಣಿಯಾಗಿ ಮೊದಲ ಸುತ್ತಿನ ಲಸಿಕೆಗಳು ಮುಗಿದರೆ 2,000. ಎರಡನೆಯದು ಹೆಣ್ಣುಮಗುವಾದರೆ 6,000 ಒಂದೇ ಕಂತಿನಲ್ಲಿ. ಸರ್ಕಾರದ ಕಾಯಂ ನೌಕರರಿಗೂ, ಮೇಲೆ ಹೇಳಿದ ಹೆರಿಗೆ ಸಂಬಳ ಪಡೆಯುವವರಿಗೂ ಇದು ಇಲ್ಲ. ಬಡತನದ ರೇಖೆಗಿಂತ ಕೆಳಗಿನವರಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ ಆಸ್ಪತ್ರೆಯ ಹೆರಿಗೆಗೆ ಜನನಿ ಸುರಕ್ಷಾ ಯೋಜನೆಯಿಂದ ನಮ್ಮ ರಾಜ್ಯದ ಹಳ್ಳಿಯಲ್ಲಿ 700, ಪಟ್ಟಣದಲ್ಲಿ 600 ರೂಪಾಯಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಶಸ್ತ್ರಚಿಕಿತ್ಸೆಯ ಹೆರಿಗೆ, ಔಷಧ, ರಕ್ತ, ಊಟ, ಮನೆಯಿಂದ ಹೋಗಿಬರುವ ವಾಹನ ಎಲ್ಲವೂ 2011ರಿಂದ ಉಚಿತ. ಬಸುರಿ ಬಾಣಂತಿಯರ ಆಹಾರವೂ 2013ರ ಆಹಾರ ಭದ್ರತಾ ಕಾಯಿದೆಯ ಪ್ರಕಾರ ಅಂಗನವಾಡಿಯಿಂದ ಸಲ್ಲತಕ್ಕದ್ದು.

ಇವೆಲ್ಲಕ್ಕೂ ಬಾಗಿಲು ಒಂದೇ: ತಾಯಿ ಕಾರ್ಡು. ಮುಟ್ಟು ನಿಂತಿತೆಂದು ತಿಳಿದ ಕೂಡಲೆ ಆಶಾ ಕಾರ್ಯಕರ್ತೆಗೋ ಅಂಗನವಾಡಿಗೋ ತಿಳಿಸಿ ಅದನ್ನು ಮಾಡಿಸಿಕೊಳ್ಳಬೇಕು. ಮೂರು ತಿಂಗಳು ತುಂಬುವವರೆಗೆ ಹೊರಗೆ ಹೇಳಬಾರದೆಂಬ ಕಟ್ಟಳೆ ಎಷ್ಟೋ ಮನೆಗಳಲ್ಲಿದೆ. ನೆಂಟರಿಗೆ ಹೇಳಬೇಡಿ, ದಾದಿಗೆ ಹೇಳಿ! ಬ್ಯಾಂಕಿನ ಖಾತೆ ತಾಯಿಯ ಹೆಸರಿನಲ್ಲೇ ಇದ್ದು ಆಧಾರಿಗೆ ಜೋಡಣೆಯಾಗಿರಬೇಕು. ತವರಿನ ಹೆಸರು ಒಂದು ಕಡೆ, ಗಂಡನ ಮನೆಯ ಹೆಸರು ಇನ್ನೊಂದು ಕಡೆ ಇದ್ದರೆ ಸೀಮಂತಕ್ಕೆ ಮುಂಚೆಯೇ ಸರಿಪಡಿಸಿಕೊಳ್ಳುವುದು ಒಳ್ಳೆಯದು. ಬಾಣಂತನಕ್ಕೆ ತವರಿಗೆ ಹೊರಟಾಗ ಸೀರೆಯ ಗಂಟಿನ ಜೊತೆ ಈ ಕಾರ್ಡೂ ಇರಲಿ. ಹುಟ್ಟಿದ 21 ದಿನದೊಳಗೆ ಮಗುವಿನ ಜನನವನ್ನು ನೋಂದಾಯಿಸಿದರೆ ಶುಲ್ಕವಿಲ್ಲ.

ಕೊನೆಯದಾಗಿ, ಪಟ್ಟಣದ ಓದುಗರಲ್ಲಿ ಒಂದು ಅರಿಕೆ. ನಿಮ್ಮ ಮನೆಗೆ ಪಾತ್ರೆ ತೊಳೆಯಲು ಬರುವ ಹೆಣ್ಣುಮಗಳಿಗೆ ನೀವೇ ಮಾಲೀಕರು. ಇಪ್ಪತ್ತಾರು ವಾರದ ಕಾನೂನು ನಿಮ್ಮ ಹೊಸಿಲನ್ನು ದಾಟಿ ಒಳಗೆ ಬರುವುದಿಲ್ಲ. ಆಕೆ ಬಸುರಿಯಾದರೆ ಬೇರೆಯವಳನ್ನು ಹುಡುಕುವುದು ಸುಲಭ. ಆಕೆಯ ತಾಯಿ ಕಾರ್ಡು ಆಯಿತೇ ಎಂದು ಕೇಳಿ, ಅರ್ಜಿ ತುಂಬಿಕೊಟ್ಟು, ಕೈಲಾದಷ್ಟು ತಿಂಗಳ ಸಂಬಳವನ್ನು ನಿಲ್ಲಿಸದೆ ಕೊಟ್ಟು, ಕೆಲಸವನ್ನು ಆಕೆಗೇ ಕಾದಿರಿಸುವುದು ಸ್ವಲ್ಪ ಕಷ್ಟ. ಕಾನೂನು ಇನ್ನೂ ತಲುಪದ ಕಡೆ ಆ ಋಷಿಯ ಕೆಲಸ ಇಂದಿಗೂ ಮನುಷ್ಯರದೇ.