ಶಾಸನಗಳ ಛಾಯಾಚಿತ್ರ: ಹೊಳಪು ಮತ್ತು ವೈದೃಶ್ಯಗಳ ಹದ

ಭೀಮಾ ಸೀಮೆಯಲ್ಲಿ, ನೆಲೋಗಿ ಜೇವರ್ಗಿಗಳ ಕಡೆ, ಕ್ಷೇತ್ರಕಾರ್ಯಕ್ಕೆ ಹೊರಡುವ ವಿದ್ಯಾರ್ಥಿಗೆ ಅಕ್ಷರ ಸವೆದ, ಸುಣ್ಣ ಕುಂಕುಮಗಳು ಮೆತ್ತಿದ ಶಾಸನಶಿಲೆಗಳು ಎದುರಾಗುವುದುಂಟು. ಅವುಗಳ ಛಾಯಾಚಿತ್ರ ತೆಗೆದು, ಗಣಕಯಂತ್ರದಲ್ಲಿ ತಿದ್ದಿ ಓದುವ ಪದ್ಧತಿ ಈಗ ರೂಢಿಯಾಗಿದೆ. ಈ ತಿದ್ದುಪಡಿಯ ಸ್ವರೂಪವೇನು, ಅದರ ಮಿತಿಯೆಲ್ಲಿ ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸುತ್ತೇವೆ.

ಸಾಮಾನ್ಯವಾದ ಕಪ್ಪು ಬಿಳುಪು ಚಿತ್ರದಲ್ಲಿ ಪ್ರತಿಯೊಂದು ಬಿಂದುವಿಗೂ ಒಂದು ಬೆಲೆಯಿರುತ್ತದೆ. 0 ಎಂದರೆ ಅಚ್ಚ ಕಪ್ಪು, 255 ಎಂದರೆ ಅಚ್ಚ ಬಿಳುಪು. ಅಕ್ಷರದ ಗೀರು 120, ಅದರ ಪಕ್ಕದ ಕಲ್ಲು 136 ಇದೆಯೆಂದು ಭಾವಿಸೋಣ. ಹೊಳಪನ್ನು 20ರಷ್ಟು ಹೆಚ್ಚಿಸಿದರೆ ಅವು 140, 156 ಆಗುತ್ತವೆ. ಅಂತರ ಮಾತ್ರ 16ರಲ್ಲಿಯೇ ನಿಲ್ಲುತ್ತದೆ. ವೈದೃಶ್ಯವನ್ನು, ಎಂದರೆ ಕಾಂಟ್ರಾಸ್ಟನ್ನು, 128ನ್ನು ಮಧ್ಯಬಿಂದುವಾಗಿಟ್ಟು ಒಂದೂವರೆ ಪಟ್ಟು ಮಾಡಿದರೆ ಅವು 116, 140 ಆಗಿ ಅಂತರವು 24ಕ್ಕೆ ಏರುತ್ತದೆ. ಅಕ್ಷರವು ಎದ್ದು ಕಾಣುತ್ತದೆ. ಆದರೆ ಅದೇ ಕ್ರಿಯೆಯಲ್ಲಿ 220 ಮತ್ತು 230ರ ಬಿಂದುಗಳೆರಡೂ 255ರ ಮೇರೆಯನ್ನು ಮುಟ್ಟಿ ಒಂದೇ ಬಿಳುಪಾಗುತ್ತವೆ. ಅಲ್ಲಿದ್ದ ಸೂಕ್ಷ್ಮಭೇದವು ಆ ಪ್ರತಿಯಲ್ಲಿ ಶಾಶ್ವತವಾಗಿ ಅಳಿಯುತ್ತದೆ. ಆದಕಾರಣ ಮೂಲಚಿತ್ರವನ್ನು ಎಂದೂ ತಿದ್ದಬಾರದು. ಪ್ರತಿಯನ್ನು ಮಾತ್ರ ತಿದ್ದಬೇಕು.

ವರ್ಣಚಿತ್ರದಲ್ಲಿ ಕೆಂಪು, ಹಸಿರು, ನೀಲಿ ಎಂಬ ಮೂರು ಪದರಗಳಿವೆ. ಒಂದೊಂದನ್ನೂ ಬೇರೆ ಬೇರೆ ಪ್ರಮಾಣದಲ್ಲಿ ತಿದ್ದಿದರೆ ಕಲ್ಲಿನ ಬಣ್ಣವೇ ಕೆಡುತ್ತದೆ. ಆದರೆ ಈ ವಿಭಾಗವು ಸಂಶೋಧಕನಿಗೆ ಉಪಕಾರಿಯೂ ಹೌದು. ಕುಂಕುಮದ ಕಲೆಯು ಹಸಿರು ಪದರದಲ್ಲಿ ಕಪ್ಪಾಗಿಯೂ ಕೆಂಪು ಪದರದಲ್ಲಿ ತಿಳಿಯಾಗಿಯೂ ತೋರುತ್ತದೆ. ಕುಂಕುಮವು ತೆಳುವಾಗಿದ್ದರೆ, ಕೆಂಪು ಪದರವೊಂದನ್ನೇ ಕಪ್ಪು ಬಿಳುಪಾಗಿ ನೋಡಿದಾಗ ಕಲೆ ಹಿಂಜರಿದು ಗೀರುಗಳು ಮುಂದೆ ಬರುತ್ತವೆ.

ಅಪಾಯವಿರುವುದು ಇಲ್ಲಿಯೇ. ವೈದೃಶ್ಯಕ್ಕೆ ಉಳಿಯ ಗೀರೂ ಒಂದೇ, ಕಲ್ಲಿನ ಚಕ್ಕೆ ಎದ್ದ ಗುಳಿಯೂ ಒಂದೇ. ಎರಡನ್ನೂ ಸಮನಾಗಿ ಕಪ್ಪಾಗಿಸುತ್ತದೆ. ಇಂತಹ ಗುಳಿಯೊಂದು ಸೊನ್ನೆಯ ಸ್ಥಾನದಲ್ಲಿ ಬಿದ್ದಿತೆನ್ನೋಣ: ‘ಕೊಡು’ ಎಂಬುದು ‘ಕೊಂಡು’ ಆಗುತ್ತದೆ. ದಾನಶಾಸನದಲ್ಲಿ ಕೊಟ್ಟವನು ಕೊಂಡವನಾದರೆ ಇತಿಹಾಸವೇ ತಲೆಕೆಳಗಾದಂತೆ. ಆದ್ದರಿಂದ ಸಂದೇಹಾಸ್ಪದವಾದ ಅಕ್ಷರವನ್ನು ಎಡದಿಂದಲೂ ಬಲದಿಂದಲೂ ಓರೆಬೆಳಕು ಬಿಟ್ಟು ತೆಗೆದ ಎರಡು ಚಿತ್ರಗಳಲ್ಲಿ ಹೋಲಿಸಿ, ಬಳಿಕ ಕಲ್ಲಿನ ಬಳಿಗೇ ಹೋಗಿ ಬೆರಳಿನಿಂದ ತಡವಿ ನಿರ್ಣಯಿಸಬೇಕು. ಮಾಡಿದ ತಿದ್ದುಪಡಿಯ ಪ್ರಮಾಣವನ್ನು ಪಾಠದೊಡನೆ ನಮೂದಿಸುವುದೂ ಕರ್ತವ್ಯ.

ಇದೇ ಭೀಮಾ ತೀರದ ಸನ್ನತಿಯಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನಶಿಲೆಯನ್ನು ನೆನೆಯಬಹುದು. ಅದನ್ನು ಹಿಂದೆ ದೇವಿಯ ಪೀಠವಾಗಿ ಬಳಸಿದವರು ನಡುವೆ ರಂಧ್ರ ಕೊರೆದಿದ್ದರು. ಅಲ್ಲಿನ ಅಕ್ಷರಗಳು ನಷ್ಟವಾಗಿವೆ. ಮಸುಕಾದುದನ್ನು ಹೊಳಪು ವೈದೃಶ್ಯಗಳು ತೋರಿಸಬಲ್ಲವು, ಇಲ್ಲದುದನ್ನು ತರಲಾರವು. ಈ ವಿವೇಕವಿದ್ದಲ್ಲಿ ಯಂತ್ರವು ಇತಿಹಾಸಕಾರನ ಕಣ್ಣಿಗೆ ನೆರವಾಗುತ್ತದೆ. ಇಲ್ಲವಾದರೆ ಅವನ ಆಸೆಗೆ ಸಾಕ್ಷಿ ಒದಗಿಸುತ್ತದೆ.